ಬರಹಗಾರರನ್ನು ಹುಡುಕುವ ಮೊದಲು: ಬಿಸಿನೆಸ್ ಲೇಖನಕ್ಕೆ ಯಾವ ವಿಷಯ ಸರಿ?

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯವರು ನನ್ನಿಂದ ಲೇಖನ ಬರೆಸಿದರು. ವಿಷಯ ಏನು ಎಂದು ಕೇಳಿದಾಗ ಬಂದ ಉತ್ತರ ಎರಡೇ ಪದ: ‘ಡಿಜಿಟಲ್ ಪರಿವರ್ತನೆ’. ನಾನು ಆಗ ಹೊಸಬ. ಜಾಸ್ತಿ ಕೇಳಿದರೆ ಕೆಲಸ ಕೈ ತಪ್ಪೀತು ಎಂದು ಸುಮ್ಮನೆ ತಲೆಯಾಡಿಸಿದೆ. ಮೊದಲ ಡ್ರಾಫ್ಟ್ ಓದಿದ ಮಾಲೀಕರು ‘ಚೆನ್ನಾಗಿದೆ, ಆದರೆ ನಮ್ಮ ಬಗ್ಗೆ ಏನೂ ಇಲ್ಲವಲ್ಲ’ ಎಂದರು. ಎರಡನೆಯದನ್ನು ನೋಡಿದ ಸೇಲ್ಸ್‌ನವರು ‘ಇದು ಜಾಹೀರಾತಿನ ಹಾಗಿದೆ’ ಎಂದರು. ಮೂರನೆಯದು ತಾಂತ್ರಿಕ ವಿಭಾಗದವರಿಗೆ ತೀರಾ ತೆಳು ಎನಿಸಿತು. ಐದನೆಯ ಡ್ರಾಫ್ಟ್ ಹೊತ್ತಿಗೆ ಎತ್ತು ಏರಿಗೆ, ಕೋಣ ನೀರಿಗೆ. ಲೇಖನ ಕೊನೆಗೂ ಹೊರಗೆ ಬರಲೇ ಇಲ್ಲ. ಅವರ ಹಣ ಹೋಯಿತು, ನನ್ನ ಒಂದು ತಿಂಗಳು ಹೋಯಿತು.

ಆಗ ಮನಸ್ಸಿನಲ್ಲೇ ಅವರನ್ನು ಬೈದುಕೊಂಡಿದ್ದೆ. ಈಗ ಯೋಚಿಸಿದರೆ ತಪ್ಪು ಇಬ್ಬರದೂ ಇತ್ತು. ಬರಹವೇನೂ ಕೆಟ್ಟದಾಗಿರಲಿಲ್ಲ. ವಿಷಯವೇ ಇರಲಿಲ್ಲ. ಎರಡು ಪದ ಇದ್ದವು, ಅಷ್ಟೇ.

ಲೇಖನ ಬರೆಸುವವರು ಬರಹಗಾರರನ್ನು ಚೆನ್ನಾಗಿ ಹೋಲಿಸಿ ನೋಡುತ್ತಾರೆ. ದರ ಎಷ್ಟು, ಹಿಂದೆ ಏನು ಬರೆದಿದ್ದಾರೆ, ಎಷ್ಟು ದಿನ ಬೇಕು ಎಂದೆಲ್ಲ ಕೇಳುತ್ತಾರೆ. ವಿಷಯಗಳನ್ನು ಮಾತ್ರ ಯಾರೂ ಹೋಲಿಸುವುದಿಲ್ಲ. ಮೀಟಿಂಗ್‌ನಲ್ಲಿ ಮೊದಲು ಯಾರ ಬಾಯಿಂದ ಏನು ಬಂತೋ ಅದೇ ವಿಷಯ. ನನ್ನನ್ನು ಕೇಳಿದರೆ ಇದು ತಲೆಕೆಳಗಾದ ಕ್ರಮ. ವಿಷಯ ಸರಿಯಿದ್ದರೆ ಸಾಧಾರಣ ಬರಹಗಾರರೂ ಉಪಯೋಗಕ್ಕೆ ಬರುವ ಲೇಖನ ಕೊಡುತ್ತಾರೆ. ವಿಷಯವೇ ಗಾಳಿಯಲ್ಲಿದ್ದರೆ ಎಷ್ಟು ಪಳಗಿದವರಾದರೂ ಗಾಳಿಗೇ ಗುದ್ದಬೇಕು.

ಪದ ಕೊಡುವುದೋ, ಪ್ರಶ್ನೆ ಕೊಡುವುದೋ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾರ್ಖಾನೆಗಳ ನೀರಿನ ಪಂಪ್‌ಗಳಿಗೆ ಸರ್ವಿಸ್ ಕೊಡುವ ಒಂದು ಸಂಸ್ಥೆ ಇದೆ ಎನ್ನಿ. ಅವರಿಗೆ ಒಂದು ಲೇಖನ ಬೇಕು. ಕೈಯಲ್ಲಿ ಎರಡು ಆಯ್ಕೆ ಇವೆ. ಒಂದು, ‘ಪಂಪ್ ನಿರ್ವಹಣೆ’. ಇನ್ನೊಂದು, ‘ಪಂಪ್ ಒಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು ಬಂದರೆ ಮೊದಲ ಹತ್ತು ನಿಮಿಷದಲ್ಲಿ ಏನು ನೋಡಬೇಕು?’

ಮೊದಲನೆಯದು ದೊಡ್ಡದಾಗಿ ಕಾಣುತ್ತದೆ. ಎಲ್ಲರಿಗೂ ಸಲ್ಲುತ್ತದೆ ಎನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಲೇಖನ 1,000 ಪದಗಳದ್ದು. ಪಂಪ್ ನಿರ್ವಹಣೆ ಎಂದರೆ ಸೀಲ್, ಬೇರಿಂಗ್, ಗ್ರೀಸ್, ಅಲೈನ್‌ಮೆಂಟ್, ಕಂಪನ, ಮೋಟಾರ್, ಬಿಡಿಭಾಗಗಳ ದಾಸ್ತಾನು, ಕೆಲಸಗಾರರ ತರಬೇತಿ ಎಂದು ಸುಲಭವಾಗಿ ಇಪ್ಪತ್ತು ಉಪವಿಷಯ ಆಗುತ್ತವೆ. ಒಂದೊಂದಕ್ಕೆ ಸಿಗುವುದು 50 ಪದ. 50 ಪದದಲ್ಲಿ ‘ಬೇರಿಂಗ್‌ಗಳನ್ನು ಆಗಾಗ ಪರೀಕ್ಷಿಸಿ’ ಎಂದು ಹೇಳಬಹುದೇ ಹೊರತು ಹೇಗೆ, ಯಾವಾಗ, ಏನು ಕಂಡರೆ ಚಿಂತೆ ಮಾಡಬೇಕು ಎಂದು ಹೇಳಲಾಗುವುದಿಲ್ಲ. ಪಂಪ್ ನಡೆಸುವವರಿಗೆ ಅದು ಮೊದಲೇ ಗೊತ್ತು. ಗೊತ್ತಿಲ್ಲದವರಿಗೆ ಅಷ್ಟು ಸಾಲದು.

ಎರಡನೆಯದನ್ನು ನೋಡಿ. ಜಲ್ಲಿ ಉರುಳಿದಂಥ ಆ ಸದ್ದಿಗೆ ಮುಖ್ಯ ಕಾರಣ ಕ್ಯಾವಿಟೇಶನ್. ಪಂಪ್ ನೀರು ಎಳೆದುಕೊಳ್ಳುವ ಬದಿಯಲ್ಲಿ ಒತ್ತಡ ತೀರಾ ಕಡಿಮೆಯಾದರೆ ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಅವು ಒತ್ತಡ ಹೆಚ್ಚಿರುವ ಜಾಗಕ್ಕೆ ಬಂದಾಗ ಒಮ್ಮೆಲೇ ಕುಸಿಯುತ್ತವೆ. ಆ ಹೊಡೆತಕ್ಕೆ ಇಂಪೆಲ್ಲರ್, ಅಂದರೆ ಪಂಪ್ ಒಳಗೆ ತಿರುಗಿ ನೀರನ್ನು ತಳ್ಳುವ ಚಕ್ರದ ಮೇಲೆ ಗುಳಿ ಬೀಳುತ್ತದೆ. ಸೋಸುವ ಜಾಲರಿ ಕಟ್ಟಿಕೊಂಡಿದೆಯಾ, ಎಳೆಯುವ ಕಡೆಯ ವಾಲ್ವ್ ಅರ್ಧ ಮುಚ್ಚಿದೆಯಾ, ಪೈಪ್ ತೀರಾ ಸಣ್ಣದೋ ಉದ್ದವೋ, ತೊಟ್ಟಿಯ ಮಟ್ಟ ಇಳಿದಿದೆಯಾ, ನೀರು ಬಿಸಿಯಾಗಿದೆಯಾ ಎಂದು ಒಂದೊಂದಾಗಿ ನೋಡುತ್ತ ಹೋಗಬಹುದು. 1,000 ಪದಕ್ಕೆ ಇದು ಸರಿಯಾದ ತೂಕ. ಇದನ್ನು ಓದುವವರು ಯಾರು, ಅವರು ಎಲ್ಲಿ ನಿಂತಿದ್ದಾರೆ, ಓದಿ ಮುಗಿಸಿ ಏನು ಮಾಡುತ್ತಾರೆ ಎನ್ನುವುದೂ ಕಣ್ಣಿಗೆ ಕಟ್ಟುತ್ತದೆ. ಹತ್ತು ನಿಮಿಷ ನೋಡಿಯೂ ಸದ್ದು ನಿಲ್ಲದಿದ್ದರೆ ಯಾರಿಗೆ ಫೋನ್ ಮಾಡುತ್ತಾರೆ ಎಂದು ಬೇರೆ ಹೇಳಬೇಕಿಲ್ಲ, ಅಲ್ವಾ?

‘ಇಷ್ಟು ಸಣ್ಣ ವಿಷಯ ಹಿಡಿದರೆ ಓದುಗರು ಕಡಿಮೆಯಾಗುತ್ತಾರೆ’ ಎಂಬ ಆತಂಕ ನನಗೆ ಅರ್ಥವಾಗುತ್ತದೆ. ಹೌದು, ಕಡಿಮೆಯಾಗುತ್ತಾರೆ. ಆದರೆ ಬಿಸಿನೆಸ್ ಲೇಖನಕ್ಕೆ ಬೇಕಾದದ್ದು ಜನಜಂಗುಳಿ ಅಲ್ಲ. ಪಂಪ್ ಕೆಟ್ಟ ಐವತ್ತು ಜನ ಓದಿದರೆ, ಪಂಪ್ ಇಲ್ಲದ ಐದು ಸಾವಿರ ಜನ ಓದಿದ್ದಕ್ಕಿಂತ ಲಾಭ. ಜೊತೆಗೆ ಈಗ ಇನ್ನೊಂದು ಮಾತೂ ಇದೆ. ‘ಪಂಪ್ ನಿರ್ವಹಣೆ ಎಂದರೇನು’ ಎಂಬಂಥ ಪ್ರಶ್ನೆಗೆ ಉತ್ತರ ಹುಡುಕಾಟದ ಪುಟದ ಮೇಲೇ ಎಷ್ಟೋ ಸಲ ಸಿಕ್ಕಿಬಿಡುತ್ತದೆ. 2024ರ ಮೇ ತಿಂಗಳಿಂದ ಗೂಗಲ್ ತನ್ನ ಎಐ ಸಾರಾಂಶಗಳನ್ನು ಸಾಮಾನ್ಯ ಬಳಕೆದಾರರಿಗೆ ತೋರಿಸಲು ಶುರು ಮಾಡಿದೆ. ಸಾರಾಂಶದಲ್ಲಿ ಮುಗಿದುಹೋಗುವ ವಿಷಯಕ್ಕೆ ದುಡ್ಡು ಕೊಟ್ಟು ಬರೆಸುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಹಾಗಂತ ತೀರಾ ಸಣ್ಣದೂ ಬೇಡ. ಒಂದು ಮಾಡೆಲ್‌ನ ಒಂದು ಗ್ಯಾಸ್ಕೆಟ್ ಬದಲಿಸುವುದು ಲೇಖನದ ವಿಷಯ ಅಲ್ಲ, ಕೈಪಿಡಿಯ ಅರ್ಧ ಪುಟ. ನನ್ನ ಅಳತೆ ಸರಳ. ಒಂದು ಮುಖ್ಯ ಪ್ರಶ್ನೆ, ಅದರ ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ಪ್ರಶ್ನೆಗಳು. ಎರಡೇ ಹುಟ್ಟಿದರೆ ವಿಷಯ ಸಣ್ಣದಾಯಿತು. ಹದಿನೈದು ಹುಟ್ಟಿದರೆ ಒಡೆದು ಎರಡು ಮೂರು ಲೇಖನ ಮಾಡಿ.

ಯಾವ ಜಾತಿಯ ವಿಷಯ?

ವಿಷಯಗಳಲ್ಲೂ ಜಾತಿಗಳಿವೆ. ಒಂದೊಂದು ಒಂದೊಂದು ಬಗೆಯ ಕೆಲಸ ಮಾಡುತ್ತದೆ. ಒಂದೊಂದು ನಿಮ್ಮಿಂದ ಒಂದೊಂದು ಬಗೆಯ ಶ್ರಮ ಕೇಳುತ್ತದೆ. ಈ ಎರಡನೆಯ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ.

‘ಹೇಗೆ ಮಾಡುವುದು’ ಬಗೆಯದು ಎಲ್ಲಕ್ಕಿಂತ ಸುರಕ್ಷಿತ. ನಿಮ್ಮಲ್ಲಿ ಕೆಲಸ ಬಲ್ಲ ಒಬ್ಬರು ಬರಹಗಾರರ ಜೊತೆ ಒಂದು ಗಂಟೆ ಮಾತಾಡಿದರೆ ಬಂಡವಾಳ, ಅಂದರೆ ಬರೆಯಲು ಬೇಕಾದ ಸರಕು, ಸಿಕ್ಕಿತು. ಬೇಗ ಹಳೆಯದಾಗುವುದಿಲ್ಲ. ಒಂದೇ ಅಪಾಯ, ನೂರು ಜನ ಮೊದಲೇ ಬರೆದಿರುತ್ತಾರೆ. ಹಾಗಾಗಿ ನಿಮ್ಮ ತಂತ್ರಜ್ಞರಿಗೆ ಮಾತ್ರ ಗೊತ್ತಿರುವ ಒಂದೆರಡು ಸಂಗತಿ ಅದರಲ್ಲಿ ಇರಲೇಬೇಕು.

ಎರಡು ಆಯ್ಕೆಗಳನ್ನು ಹೋಲಿಸುವ ವಿಷಯ, ಅಂದರೆ ‘ರಿಪೇರಿಯೋ ಹೊಸದೋ’, ‘ಬಾಡಿಗೆಯೋ ಖರೀದಿಯೋ’, ಕೊಳ್ಳಲು ಹೊರಟವರಿಗೆ ಬಲು ಹತ್ತಿರ. ಮಾರಾಟಕ್ಕೆ ಅತಿ ಹೆಚ್ಚು ನೆರವಾಗುವುದು ಇದೇ ಎಂದು ನನ್ನ ಅನಿಸಿಕೆ. ಆದರೆ ಇಲ್ಲಿ ಒಂದು ಷರತ್ತಿದೆ. ನಿಮ್ಮ ಸೇವೆ ಯಾರಿಗೆ ಬೇಡ ಎಂದು ಬಾಯಿಬಿಟ್ಟು ಹೇಳಲು ನೀವು ಸಿದ್ಧರಿರಬೇಕು. ‘ಪಂಪ್‌ನ ಕವಚವೇ ಸವೆದಿದ್ದರೆ ರಿಪೇರಿಗೆ ಹಣ ಸುರಿಯಬೇಡಿ’ ಎಂದು ರಿಪೇರಿ ಸಂಸ್ಥೆಯೇ ಹೇಳಿದರೆ ಓದುಗರಿಗೆ ಉಳಿದ ಮಾತಿನ ಮೇಲೂ ನಂಬಿಕೆ ಬರುತ್ತದೆ. ಅದನ್ನು ಹೇಳಲು ಮನಸ್ಸಿಲ್ಲದಿದ್ದರೆ ಈ ಬಗೆಯ ವಿಷಯ ಬೇಡವೇ ಬೇಡ. ಕೊನೆಗೆ ನಮ್ಮದೇ ಗೆಲ್ಲುವ ಹೋಲಿಕೆ ಓದುಗರಿಗೆ ಎರಡನೇ ಪ್ಯಾರಾದಲ್ಲೇ ವಾಸನೆ ಹೊಡೆಯುತ್ತದೆ.

ಕೇಸ್ ಸ್ಟಡಿ, ಅಂದರೆ ಒಬ್ಬ ಗ್ರಾಹಕರ ಕೆಲಸದ ಕಥೆ, ಓದಲು ಚೆನ್ನ, ಬರೆಸಲು ಕಷ್ಟ. ಬರಹದ ಕಷ್ಟ ಅಲ್ಲ, ಒಪ್ಪಿಗೆಯ ಕಷ್ಟ. ಗ್ರಾಹಕರು ಹೆಸರು ಹಾಕಲು ಒಪ್ಪಬೇಕು. ಅಂಕಿ-ಅಂಶ ಬಿಟ್ಟುಕೊಡಬೇಕು. ಅವರ ಕಾನೂನು ವಿಭಾಗ ಓದಿ ಸಹಿ ಹಾಕಬೇಕು. ಲೇಖನ ಮುಗಿದ ಮೇಲೆ ‘ನಮ್ಮ ಹೆಸರು ತೆಗೆಯಿರಿ’ ಎಂದು ಪತ್ರ ಬಂದು, ಕಥೆಯ ಜೀವವೇ ಹೋದದ್ದನ್ನು ನಾನು ಒಂದಲ್ಲ, ಮೂರು ಸಲ ನೋಡಿದ್ದೇನೆ. ಲಿಖಿತ ಒಪ್ಪಿಗೆ ಕೈಗೆ ಬರುವವರೆಗೆ ಇದನ್ನು ವಿಷಯ ಎಂದು ಕರೆಯಬೇಡಿ. ಆಸೆ ಎಂದು ಕರೆಯಿರಿ.

ಅಭಿಪ್ರಾಯದ ಲೇಖನ ಮುಖ್ಯಸ್ಥರಿಗೆ ಬಹಳ ಇಷ್ಟ. ‘ನಮ್ಮ ಉದ್ಯಮ ಎತ್ತ ಸಾಗುತ್ತಿದೆ’ ಎಂದು ಹೆಸರು ಹಾಕಿಸಿಕೊಂಡು ಬರೆಸುತ್ತಾರೆ. ನನ್ನ ಪರೀಕ್ಷೆ ಒಂದೇ: ಈ ಅಭಿಪ್ರಾಯವನ್ನು ಒಪ್ಪದ ಒಬ್ಬ ಬುದ್ಧಿವಂತರು ಇರಲು ಸಾಧ್ಯವಾ? ‘ಗುಣಮಟ್ಟ ಮುಖ್ಯ’ ಎಂದರೆ ಯಾರು ಬೇಡ ಎನ್ನುತ್ತಾರೆ? ಅದು ಅಡ್ಡಗೋಡೆ ಮೇಲಿನ ದೀಪ. ‘ವರ್ಷಕ್ಕೊಮ್ಮೆ ಎಲ್ಲ ಪಂಪ್ ಬಿಚ್ಚಿ ನೋಡುವ ಪದ್ಧತಿ ಬಿಡಿ, ಕಂಪನ ಅಳೆದು ಅಗತ್ಯ ಇದ್ದದ್ದನ್ನು ಮಾತ್ರ ಬಿಚ್ಚಿ’ ಎಂದರೆ ಜಗಳಕ್ಕೆ ಬರುವವರಿದ್ದಾರೆ. ಅದು ಅಭಿಪ್ರಾಯ.

ಸುದ್ದಿಗೆ ಅಂಟಿದ ವಿಷಯ, ಅಂದರೆ ಹೊಸ ನಿಯಮ, ಹೊಸ ತಂತ್ರಜ್ಞಾನ. ನಿಮ್ಮಲ್ಲಿ ಎರಡು ದಿನದಲ್ಲಿ ಒಪ್ಪಿಗೆ ಸಿಗುವುದಾದರೆ ಮಾಡಿ. ಮೂರು ವಾರ ನಾಲ್ಕು ಮೇಜು ಸುತ್ತುವುದಾದರೆ ಬಿಡಿ.

ವಿಷಯ ಹುಡುಕುವ ಜಾಗ

ಜನ ಏನು ಟೈಪ್ ಮಾಡಿ ಹುಡುಕುತ್ತಾರೆ ಎಂದು ತೋರಿಸುವ ಕೀವರ್ಡ್ ಟೂಲ್ ತೆರೆದು ಕೂರುವುದು ಒಂದು ದಾರಿ. ನಿಮ್ಮ ಫೋನಿಗೆ, ಇಮೇಲ್‌ಗೆ ಬಂದ ಪ್ರಶ್ನೆಗಳನ್ನು ತಿರುವಿ ಹಾಕುವುದು ಇನ್ನೊಂದು. ನಾನು ಎರಡನೆಯದರ ಪಕ್ಷ. ಕಾರಣ ಹೇಳುತ್ತೇನೆ.

ಟೂಲ್‌ಗಳು ಎಷ್ಟು ಜನ ಹುಡುಕುತ್ತಾರೆ ಎಂದು ಹೇಳುತ್ತವೆ, ಯಾಕೆ ಎಂದು ಹೇಳುವುದಿಲ್ಲ. ಗೂಗಲ್ ಟ್ರೆಂಡ್ಸ್‌ನಲ್ಲಿ ಕಾಣುವ 0ಯಿಂದ 100ರವರೆಗಿನ ಅಂಕಿ ಹುಡುಕಾಟದ ಸಂಖ್ಯೆಯೂ ಅಲ್ಲ. ನೀವು ಆರಿಸಿದ ಅವಧಿಯಲ್ಲಿ ಆಸಕ್ತಿ ಅತಿ ಹೆಚ್ಚಿದ್ದ ಹೊತ್ತನ್ನು 100 ಎಂದು ಹಿಡಿದು, ಉಳಿದದ್ದನ್ನು ಅದಕ್ಕೆ ಹೋಲಿಸಿ ತೋರಿಸುತ್ತಾರೆ. ಇದು ಗೊತ್ತಿಲ್ಲದೆ ‘ನೂರು ಬಂದಿದೆ, ಇದನ್ನೇ ಬರೆಸೋಣ’ ಎಂದು ಹೊರಡುವವರಿದ್ದಾರೆ. ಒಂದು ಋತುವಿನಲ್ಲಿ ಮಾತ್ರ ಏಳುವ ವಿಷಯವೋ, ವರ್ಷವಿಡೀ ಇರುವ ವಿಷಯವೋ ಎಂದು ಹೋಲಿಸಲು ಟ್ರೆಂಡ್ಸ್ ಒಳ್ಳೆಯದು. ಅದಕ್ಕೆ ಬಳಸಿ.

ಟೂಲ್‌ಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ವೆಬ್‌ಸೈಟ್ ಇರುವವರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಆರಿಸುತ್ತೇನೆ. ನಿಮ್ಮದೇ ಪುಟಗಳಿಗೆ ಜನ ಯಾವ ಮಾತು ಟೈಪ್ ಮಾಡಿ ಬಂದರು, ಯಾವ ಮಾತಿಗೆ ನಿಮ್ಮ ಪುಟ ಕಂಡರೂ ಕ್ಲಿಕ್ ಮಾಡಲಿಲ್ಲ ಎಂದು ಅದು ಹೇಳುತ್ತದೆ. ಹಿಂದಿನ 16 ತಿಂಗಳ ಲೆಕ್ಕ ಸಿಗುತ್ತದೆ, ಪುಕ್ಕಟೆ. ಕಂಡರೂ ಕ್ಲಿಕ್ ಆಗದ ಸಾಲುಗಳಲ್ಲಿ ಒಳ್ಳೆಯ ವಿಷಯ ಅಡಗಿರುತ್ತದೆ. ನಿಮ್ಮ ಹಳೆಯ ಪುಟ ಆ ಪ್ರಶ್ನೆಯ ಹತ್ತಿರ ಹೋಗಿದೆ, ಆದರೆ ಉತ್ತರ ಕೊಡುವ ಹಾಗೆ ಕಂಡಿಲ್ಲ ಎಂದರ್ಥ.

ಟೈಪ್ ಮಾಡಿದ ಮಾತಿನ ಹಿಂದೆ ಏನಿದೆ ಎಂಬುದಕ್ಕೆ ಒಂದು ಹಳೆಯ ವಿಂಗಡಣೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆಂಡ್ರೇ ಬ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿ 2002ರಲ್ಲಿ ಹುಡುಕಾಟವನ್ನು ಮೂರು ಬಗೆಯಾಗಿ ಬಿಡಿಸಿದರು: ತಿಳಿದುಕೊಳ್ಳಲು, ಒಂದು ನಿರ್ದಿಷ್ಟ ತಾಣಕ್ಕೆ ಹೋಗಲು, ಏನಾದರೂ ಒಂದು ಕೆಲಸ ಮುಗಿಸಿಕೊಳ್ಳಲು. ‘ಪಂಪ್ ಸದ್ದು ಯಾಕೆ’ ಎನ್ನುವವರಿಗೆ ತಿಳಿಯಬೇಕು. ‘ಪಂಪ್ ಸರ್ವಿಸ್ ಬುಕಿಂಗ್’ ಎನ್ನುವವರಿಗೆ ಲೇಖನ ಬೇಡ, ಫಾರ್ಮ್ ಬೇಕು. ಎರಡನೆಯವರಿಗಾಗಿ 1,500 ಪದ ಬರೆಸಿದರೆ ಓದದೆ ಕೆಳಗೆ ಜಾರುತ್ತಾರೆ.

ಇನ್ನು ಇಮೇಲ್ ಮತ್ತು ಫೋನ್. ನಿಮ್ಮ ಸೇಲ್ಸ್‌ನವರನ್ನು, ಗ್ರಾಹಕ ಸೇವೆಯವರನ್ನು ಕೂರಿಸಿ ಕೇಳಿ: ಕಳೆದ ಒಂದು ತಿಂಗಳಲ್ಲಿ ಯಾವ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಹೇಳಿ ಬಾಯಿ ನೋಯಿಸಿಕೊಂಡಿರಿ? ಗ್ರಾಹಕರು ಬಳಸಿದ ಪದಗಳನ್ನೇ ಬರೆದುಕೊಳ್ಳಿ. ಅವರು ಕ್ಯಾವಿಟೇಶನ್ ಎನ್ನುವುದಿಲ್ಲ, ‘ಕಲ್ಲು ಉರುಳಿದ ಹಾಗೆ ಸದ್ದು’ ಎನ್ನುತ್ತಾರೆ. ಹೆಡ್‌ಲೈನ್ ಅಲ್ಲೇ ಸಿಕ್ಕಿತಲ್ಲ. ಈ ಕೆಲಸಕ್ಕೆ ಅರ್ಧ ದಿನ ಸಾಕು, ದುಡ್ಡು ಬೇಡ. ಆದರೂ ನಾನು ಕೇಳಿದ ಹತ್ತರಲ್ಲಿ ಒಬ್ಬರೋ ಇಬ್ಬರೋ ಮಾಡಿರುತ್ತಾರೆ.

ಮೂರನ್ನು ಪಕ್ಕಪಕ್ಕ ಇಟ್ಟಾಗ

ಈಗ ನಿಜವಾದ ಹೋಲಿಕೆ. ಪಂಪ್ ಸಂಸ್ಥೆಯ ಮೇಜಿನ ಮೇಲೆ ಮೂರು ವಿಷಯ ಉಳಿದಿವೆ ಎನ್ನಿ: ಸದ್ದಿನ ಪ್ರಶ್ನೆ, ರಿಪೇರಿಯೋ ಹೊಸದೋ ಎಂಬ ಹೋಲಿಕೆ, ಮತ್ತು ಮುಖ್ಯಸ್ಥರಿಗೆ ಇಷ್ಟವಾದ ‘ಪಂಪ್ ಉದ್ಯಮದ ಭವಿಷ್ಯ’.

ಇವಕ್ಕೆ ಅಂಕ ಕೊಡುವ ಕೋಷ್ಟಕ ಮಾಡುವವರಿದ್ದಾರೆ. ನನಗೆ ಅದರ ಮೇಲೆ ಅಷ್ಟು ಭರವಸೆ ಇಲ್ಲ. ಬೇಕಾದ ವಿಷಯ ಗೆಲ್ಲುವ ಹಾಗೆ ಅಂಕ ಹಾಕುವುದು ಮನುಷ್ಯರ ಸ್ವಭಾವ. ಬದಲಿಗೆ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳುತ್ತೇನೆ. ಓದಿ ಮುಗಿಸಿದವರು ಮರುಕ್ಷಣ ಏನು ಮಾಡುತ್ತಾರೆ? ಇದರಲ್ಲಿ ನಮಗೆ ಮಾತ್ರ ಗೊತ್ತಿರುವುದು ಏನು? ಆ ಗೊತ್ತಿರುವವರು ಈ ವಾರ ಬರಹಗಾರರಿಗೆ ಒಂದು ಗಂಟೆ ಸಿಗುತ್ತಾರಾ?

ಸದ್ದಿನ ಲೇಖನ ಓದಿದವರು ಜಾಲರಿ ತೆಗೆದು ನೋಡುತ್ತಾರೆ. ನಮಗೆ ಮಾತ್ರ ಗೊತ್ತಿರುವುದು, ನಮ್ಮ ಮೆಕ್ಯಾನಿಕ್‌ಗಳು ಸ್ಥಳಕ್ಕೆ ಹೋದಾಗ ಮೊದಲು ಏನು ಮುಟ್ಟಿ ನೋಡುತ್ತಾರೆ ಎಂಬುದು. ಅವರು ಸಿಗುತ್ತಾರೆ. ರಿಪೇರಿಯೋ ಹೊಸದೋ ಲೇಖನ ಓದಿದವರು ತಮ್ಮ ಖರ್ಚಿನ ಲೆಕ್ಕ ತೆಗೆಯುತ್ತಾರೆ. ನಮ್ಮಲ್ಲಿ ಹಳೆಯ ಕೆಲಸಗಳ ದಾಖಲೆ ಇದೆ, ಆದರೆ ಅದನ್ನು ಹೊರತೆಗೆದು ಜೋಡಿಸಲು ಎರಡು ವಾರ ಬೇಕು. ಭವಿಷ್ಯದ ಲೇಖನ ಓದಿದವರು ಏನು ಮಾಡುತ್ತಾರೆ? ತಲೆಯಾಡಿಸುತ್ತಾರೆ. ನಮಗೆ ಮಾತ್ರ ಗೊತ್ತಿರುವ ಭವಿಷ್ಯ ಏನು? ಮೌನ.

ಹಾಗಾಗಿ ಈಗ ಸದ್ದು, ದಾಖಲೆ ಸಿದ್ಧವಾದ ಮೇಲೆ ರಿಪೇರಿ. ಭವಿಷ್ಯವನ್ನು ಮುಖ್ಯಸ್ಥರು ಭಾಷಣದಲ್ಲಿ ಹೇಳಲಿ. ಗಮನಿಸಿ, ಎರಡನೆಯದು ಕೆಟ್ಟ ವಿಷಯವಾಗಿ ಹಿಂದೆ ಬಿದ್ದದ್ದಲ್ಲ. ನಿಜ ಹೇಳಬೇಕೆಂದರೆ ಮೂರರಲ್ಲಿ ಹೆಚ್ಚು ಬೆಲೆಯದು ಅದೇ. ಬಂಡವಾಳ ಕೈಗೆ ಬಂದಿಲ್ಲ, ಅಷ್ಟೇ. ಬಂಡವಾಳ ಇಲ್ಲದೆ ಬರೆಸಿದರೆ ಬರಹಗಾರರು ಬೇರೆಯವರ ಲೇಖನಗಳನ್ನು ಓದಿ ಇನ್ನೊಂದು ಅಂಥದ್ದೇ ಲೇಖನ ಕೊಡುತ್ತಾರೆ. ಅವರನ್ನು ದೂರಿ ಉಪಯೋಗವಿಲ್ಲ. ಕೊಟ್ಟದ್ದನ್ನೇ ತಾನೇ ಬರೆಯಬೇಕು.

ಇಷ್ಟಾದ ಮೇಲೆ ನಿಮ್ಮ ಹಳೆಯ ಪುಟಗಳನ್ನೊಮ್ಮೆ ನೋಡಿಬಿಡಿ. ಅದೇ ಪ್ರಶ್ನೆಗೆ ಮೂರು ವರ್ಷದ ಹಿಂದೆ ಬರೆಸಿದ ಲೇಖನ ಮೂಲೆಯಲ್ಲಿ ಕೂತಿರಬಹುದು. ಆಗ ಹೊಸದಕ್ಕಿಂತ ಹಳೆಯದನ್ನು ತಿದ್ದಿಸುವುದು ಅಗ್ಗ. ಒಂದೇ ಪ್ರಶ್ನೆಗೆ ಎರಡು ಪುಟ ಇಟ್ಟರೆ ಅವೇ ಒಂದರ ಕಾಲು ಇನ್ನೊಂದು ಎಳೆಯುತ್ತವೆ.

ವಿಷಯ ಆರಿಸುವವರು ಯಾರು?

ನೀವೇ ಆರಿಸಬಹುದು, ಬರಹಗಾರರಿಗೆ ಬಿಡಬಹುದು. ನೀವು ಆರಿಸಿದರೆ ಒಳಗಿನ ಜ್ಞಾನ ಸಿಗುತ್ತದೆ, ಆದರೆ ಓದುಗರ ಕಣ್ಣು ತಪ್ಪಿಹೋಗುತ್ತದೆ. ನಿಮಗೆ ಹಳಸಿದ್ದು ಅವರಿಗೆ ಹೊಸದು ಎಂಬುದು ನೆನಪಿರುವುದಿಲ್ಲ. ಬರಹಗಾರರಿಗೆ ಪೂರ್ತಿ ಬಿಟ್ಟರೆ ಅವರಿಗೆ ಸುಲಭವಾಗಿ ಬರೆಯಲು ಬರುವ ವಿಷಯ ಬರುತ್ತದೆ. ನಾನೂ ಹಾಗೆ ಮಾಡಿದ್ದುಂಟು, ಸುಳ್ಳು ಯಾಕೆ ಹೇಳಲಿ.

ನಡುವಿನ ದಾರಿ ಹೀಗಿದೆ. ನೀವು ಮೂರು ವಿಷಯ ಕೊಡಿ, ಬರಹಗಾರರು ಪ್ರತಿಯೊಂದಕ್ಕೂ ತಮ್ಮ ಅನುಮಾನಗಳನ್ನು ಹೇಳಲಿ. ಯಾವುದಕ್ಕೆ ಅವರ ಪ್ರಶ್ನೆಗಳು ಚುರುಕಾಗಿವೆಯೋ ಅದನ್ನು ಹಿಡಿಯಿರಿ. ಈ ಮಾತುಕತೆಗೆ ಪ್ರತ್ಯೇಕ ಸಂಭಾವನೆ ಕೇಳಿದರೆ ಕೊಟ್ಟುಬಿಡಿ. ಐದು ಡ್ರಾಫ್ಟ್‌ಗಿಂತ ಅಗ್ಗ. ಮೂರಕ್ಕೂ ‘ಓಕೆ, ಮಾಡಿಕೊಡುತ್ತೇನೆ’ ಎಂದಷ್ಟೇ ಹೇಳಿದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ಕೊನೆಯ ಒಪ್ಪಿಗೆ ಕೊಡುವವರು ಮಾತ್ರ ಒಬ್ಬರೇ ಇರಲಿ. ಅವರ ಹೆಸರು ಬ್ರೀಫ್‌ನಲ್ಲೇ, ಅಂದರೆ ಬರಹಗಾರರಿಗೆ ಮೊದಲು ಕೊಡುವ ಸೂಚನೆಯ ಹಾಳೆಯಲ್ಲೇ, ಇರಲಿ. ಲೇಖನ ಬಂದ ಮೇಲೆ ಓದಿ ಅಭಿಪ್ರಾಯ ಹೇಳುವವರು ವಿಷಯ ಆರಿಸುವಾಗಲೇ ಕೂತಿರಬೇಕು. ಆಗ ಬಾರದವರಿಗೆ ಆಮೇಲೆ ಮಾತಿಲ್ಲ ಎಂದು ಮೊದಲೇ ಹೇಳಿಬಿಡಿ.

ಬ್ರೀಫ್‌ಗೆ ಹಾಕುವ ಆ ಒಂದು ವಾಕ್ಯ

ವಿಷಯ ಗಟ್ಟಿಯಾಗಿದೆಯಾ ಎಂದು ತಿಳಿಯಲು ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ಪ್ರಶ್ನೆಗೆ ಉತ್ತರ, ಓದಿ ಏನು ಮಾಡಬೇಕು, ಇಷ್ಟೂ ಅದರಲ್ಲಿ ಇರಬೇಕು. ಹೀಗೆ: ‘ಕಾರ್ಖಾನೆಯಲ್ಲಿ ಪಂಪ್ ನೋಡಿಕೊಳ್ಳುವ ಮೇಲ್ವಿಚಾರಕರಿಗೆ, ಪಂಪ್‌ನಿಂದ ಜಲ್ಲಿ ಉರುಳುವ ಸದ್ದು ಬಂದಾಗ, ತಾವೇ ಏನನ್ನು ಪರೀಕ್ಷಿಸಬಹುದು, ಯಾವ ಹಂತದಲ್ಲಿ ಪಂಪ್ ನಿಲ್ಲಿಸಿ ತಜ್ಞರನ್ನು ಕರೆಯಬೇಕು ಎಂದು ತಿಳಿಸುವ ಲೇಖನ.’

ಇದು ಹೆಡ್‌ಲೈನ್ ಅಲ್ಲ. ಚಂದ ಇರಬೇಕಾಗಿಲ್ಲ. ಇದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಈ ಲೇಖನದಲ್ಲಿ ಏನು ಬರುವುದಿಲ್ಲ. ‘ಮೋಟಾರ್ ಸದ್ದು, ವಿದ್ಯುತ್ ತೊಂದರೆ, ಹೊಸ ಪಂಪ್ ಆಯ್ಕೆ ಇಲ್ಲಿ ಬೇಡ.’ ಡ್ರಾಫ್ಟ್ ಓದುವಾಗ ‘ಇದನ್ನೂ ಸ್ವಲ್ಪ ಸೇರಿಸಿ’ ಎನ್ನುವವರಿಗೆ ಈ ಸಾಲನ್ನು ತೋರಿಸಬಹುದು.

ನಡುದಾರಿಯಲ್ಲಿ ವಿಷಯ ತಪ್ಪಾಗಿದೆ ಎಂದು ಗೊತ್ತಾಗುವುದೂ ಉಂಟು. ಮೆಕ್ಯಾನಿಕ್ ಜೊತೆ ಮಾತಾಡುವಾಗ ‘ಸದ್ದಿಗಿಂತ ಸೀಲ್ ಸೋರಿಕೆಗೇ ಜನ ಜಾಸ್ತಿ ಕರೆಯುತ್ತಾರೆ’ ಎಂಬ ಮಾತು ಬಂತು ಎನ್ನಿ. ಆಗ ಬರೆಯುವುದನ್ನು ನಿಲ್ಲಿಸಿ, ಆ ಒಂದು ವಾಕ್ಯವನ್ನು ತಿದ್ದಿ, ಮತ್ತೆ ಒಪ್ಪಿಗೆ ಪಡೆದು ಮುಂದೆ ಹೋಗಿ. ಸಂದರ್ಶನದ ಹಂತದಲ್ಲಿ ಬದಲಾದರೆ ಹೋಗುವುದು ಒಂದು ದಿನ. ಡ್ರಾಫ್ಟ್ ಬಂದ ಮೇಲೆ ಬದಲಿಸಿದರೆ ಅದು ಹೊಸ ಲೇಖನ, ಹೊಸ ಸಂಭಾವನೆ. ಈ ಮಾತು ಕರಾರಿನಲ್ಲೇ ಇದ್ದರೆ ಇಬ್ಬರಿಗೂ ಮುಜುಗರ ಇಲ್ಲ.

ಡಿಜಿಟಲ್ ಪರಿವರ್ತನೆಯ ಆ ಸಂಸ್ಥೆಯವರು ಎರಡು ವರ್ಷ ಬಿಟ್ಟು ಮತ್ತೆ ಫೋನ್ ಮಾಡಿದ್ದರು. ಈ ಸಲ ವಿಷಯ ‘ನಾವೀನ್ಯತೆ’. ಓದಿ ಮುಗಿಸಿದವರು ಏನು ಮಾಡಬೇಕು ಎಂದು ಕೇಳಿದೆ. ಯೋಚಿಸಿ ಹೇಳುತ್ತೇವೆ ಎಂದರು. ಒಂದು ವಾರದ ನಂತರ ಇಮೇಲ್ ಬಂತು. ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಿಸುವಾಗ ಹಳೆಯ ದಾಖಲೆಗಳನ್ನು ಕಳೆದುಕೊಳ್ಳದೆ ಸಾಗಿಸುವುದು ಹೇಗೆ ಎಂದು ಗ್ರಾಹಕರು ದಿನಾ ಕೇಳುತ್ತಾರೆ, ಅದನ್ನೇ ಬರೆಯೋಣವೇ ಎಂದು. ಅದು ಎರಡೇ ಡ್ರಾಫ್ಟ್‌ನಲ್ಲಿ ಮುಗಿಯಿತು.